‘ಊರು’ ಶಬ್ದದ ವಿಚಾರ

ಕನ್ನಡಿಗನು ದಿನಕ್ಕೆ ಹತ್ತಾರು ಬಾರಿ ಆಡುವ ‘ಊರು’ ಎಂಬ ಎರಡಕ್ಷರದ ಮಾತು ವಿದ್ವಾಂಸರ ನಡುವೆ ಎಬ್ಬಿಸಿದ ಚರ್ಚೆ ಸಣ್ಣದಲ್ಲ. ಇರಾಕ್ ದೇಶದ ದಕ್ಷಿಣ ಭಾಗದಲ್ಲಿ ಮಣ್ಣಿನೊಳಗಿಂದ ಹೊರಬಿದ್ದ ಪ್ರಾಚೀನ ನಗರವೊಂದರ ಹೆಸರು ‘ಉರ್’. ಸುಮೇರಿಯನ್ ಭಾಷೆಯಲ್ಲಿ ಪಟ್ಟಣಕ್ಕೆ ‘ಉರು’ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಪಟ್ಟಣವು ‘ಈರ್’. ಇವುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದವರಿಗೆ, ಐದು ಸಾವಿರ ವರ್ಷಗಳ ಹಿಂದೆ ಯೂಫ್ರಟಿಸ್ ನದಿಯ ದಂಡೆಯಲ್ಲಿ ನೆಲೆಸಿದ್ದವರು ದ್ರಾವಿಡ ಭಾಷೆಯನ್ನೇ ಆಡುತ್ತಿದ್ದರೆಂದು ತೋರಿದರೆ ಆಶ್ಚರ್ಯವೇನೂ ಇಲ್ಲ. ಈ ಮಾತು ವೇದಿಕೆಗಳ ಮೇಲೆ ಹಲವು ಬಾರಿ ಕೇಳಿಬಂದಿದೆ. ಅಭಿಮಾನದಿಂದ ಚಪ್ಪಾಳೆಯನ್ನೂ ಪಡೆದಿದೆ. ಆದರೆ ಶಬ್ದವೊಂದರ ಕುಲವನ್ನು ನಿಶ್ಚಯಿಸಲು ಕಿವಿಯೊಂದೇ ಸಾಕ್ಷಿಯಾಗಲಾರದು. ‘ಊರು’ ಎಂಬುದು ಕನ್ನಡದಲ್ಲಿ ಏನು, ಸೋದರ ಭಾಷೆಗಳಲ್ಲಿ ಏನು, ಪರಭಾಷೆಗಳಲ್ಲಿ ಅದನ್ನು ಹೋಲುವ ಮಾತುಗಳು ನಿಜಕ್ಕೂ ಏನು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಕನ್ನಡದಲ್ಲಿ ‘ಊರು’ ಎಂದರೆ ಹಳ್ಳಿಯೂ ಹೌದು, ಪಟ್ಟಣವೂ ಹೌದು. ಹತ್ತು ಮನೆಗಳ ಹಟ್ಟಿಯಿಂದ ಹಿಡಿದು ರಾಜಧಾನಿಯವರೆಗೆ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಮನೆಗಳ ಗುಂಪಿಗಿಂತ ಹೆಚ್ಚಾಗಿ ಅದು ಅಲ್ಲಿನ ಜನರನ್ನೇ ಸೂಚಿಸುವುದು ಗಮನಾರ್ಹ. ‘ಊರು ಸೇರಿತು’, ‘ಊರೇ ನಕ್ಕಿತು’ ಎನ್ನುವಲ್ಲಿ ಕಲ್ಲು ಮಣ್ಣಿನ ಪ್ರಸ್ತಾಪವಿಲ್ಲ. ‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು’ ಎಂಬ ಗಾದೆಯಲ್ಲಿ ಊರಿಗೆ ಅರಿವು ಮರೆವುಗಳುಳ್ಳ ಒಂದು ವ್ಯಕ್ತಿತ್ವವೇ ಬಂದಿದೆ. ಇನ್ನೊಂದೆಡೆ ‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂಬ ಮಾತಿನಲ್ಲಿ ಊರು ಕಾಡಿಗೆ ಎದುರಾಗಿ ನಿಂತಿದೆ. ‘ಊರುಕೋಳಿ’, ‘ಕಾಡುಕೋಳಿ’ಗಳ ಭೇದವೂ ಇದೇ. ‘ಊರಿಗೆ ಹೋಗಿದ್ದಾರೆ’ ಎಂದರೆ ಯಾವ ಊರೆಂದು ಹೇಳದೆಯೇ, ಅವರವರ ಹುಟ್ಟೂರೆಂದು ಕೇಳುವವನಿಗೆ ತಿಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಈ ಬಾಂಧವ್ಯವು ಮನೆತನದ ಹೆಸರಾಗಿಯೂ ನಿಂತಿದೆ. ಊರನ್ನು ಬಿಟ್ಟು ತಲೆಮಾರುಗಳು ಕಳೆದರೂ ಅಲ್ಲಿನವರು ‘ಸವಣೂರ’, ‘ಹಿರೇಕೆರೂರ’ ಎಂದೇ ಕರೆಯಿಸಿಕೊಳ್ಳುತ್ತಾರೆ.

ಸೋದರ ಭಾಷೆಗಳಲ್ಲಿ ಶಬ್ದದ ರೂಪ ಬಹುಮಟ್ಟಿಗೆ ಒಂದೇ. ತಮಿಳು ಮಲಯಾಳಗಳಲ್ಲಿ ‘ಊರ್’, ತುಳುವಿನಲ್ಲಿ ‘ಊರು’, ಕೊಡವ ಭಾಷೆಯಲ್ಲಿಯೂ ತುಸು ಭಿನ್ನವಾದ ಉಚ್ಚಾರಣೆಯೊಡನೆ ಇದೇ ಮಾತು. ತೆಲುಗಿನಲ್ಲಿಯೂ ‘ಊರು’, ಆದರೆ ಅಲ್ಲಿ ಬಹುವಚನವು ‘ಊಳ್ಳು’ ಎಂದಾಗುತ್ತದೆ. ಟಿ. ಬರೋ ಮತ್ತು ಎಂ. ಬಿ. ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವು ೧೯೬೧ರಲ್ಲಿಯೂ ಅದರ ಪರಿಷ್ಕೃತ ಆವೃತ್ತಿಯು ೧೯೮೪ರಲ್ಲಿಯೂ ಹೊರಬಂದ ಮೇಲೆ ಇಂತಹ ರೂಪಗಳನ್ನು ಒಟ್ಟಿಗೆ ನೋಡುವುದು ಸುಲಭವಾಯಿತು. ಉತ್ತರಕ್ಕೆ ಸರಿದಂತೆ ಚಿತ್ರ ಬದಲಾಗುತ್ತದೆ. ಗೋಂಡಿ ಭಾಷೆಯಲ್ಲಿ ಹಳ್ಳಿಗೆ ‘ನಾರ್’ ಎನ್ನುತ್ತಾರೆ. ಅದು ನಮ್ಮ ‘ನಾಡು’ ಶಬ್ದದ ಬಂಧು. ಕುಡುಖ್ ಭಾಷೆಯಲ್ಲಿ ಹಳ್ಳಿಯು ‘ಪದ್ದಾ’. ಬಲೂಚಿಸ್ತಾನದ ಬ್ರಾಹೂಈ ಜನರು ಹಳ್ಳಿಗೆ ಪಾರಸಿಯಿಂದ ಬಂದ ‘ಶಹರ್’ ಎಂಬ ಮಾತನ್ನೇ ಬಳಸುತ್ತಾರೆ. ಆದರೆ ಅದೇ ಬ್ರಾಹೂಈ ಭಾಷೆಯಲ್ಲಿ ಮನೆಗೆ ‘ಉರಾ’ ಎಂಬ ಹೆಸರಿದೆ. ಇದು ‘ಊರು’ ಶಬ್ದದ ದೂರದ ತುಣುಕಾಗಿರಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆಯಿಂದ ಮನೆಗಳ ಸಮೂಹಕ್ಕೆ ಅರ್ಥ ಹಿಗ್ಗುವುದು ಅಸಂಭವವಲ್ಲ. ಆದರೂ ಹ್ರಸ್ವ ದೀರ್ಘಗಳ ಭೇದ ಅಡ್ಡ ಬರುವುದರಿಂದ ಸಾಧ್ಯತೆಯೆಂದು ಹೇಳಿ ನಿಲ್ಲುವುದೇ ಲೇಸು.

ಇನ್ನು ವ್ಯುತ್ಪತ್ತಿಯ ಮಾತು. ‘ಜನರು ಕಾಲೂರಿ ನಿಂತ ಸ್ಥಳವೇ ಊರು’ ಎಂಬ ನಿರ್ವಚನವು ಬಹಳ ಪ್ರಚಾರದಲ್ಲಿದೆ. ಊರುಗೋಲಿನಲ್ಲಿರುವ ‘ಊರು’ ಎಂಬ ಕ್ರಿಯೆಯೇ ನಾಮಪದವಾಯಿತೆಂದು ಇದರ ಭಾವ. ಕೇಳಲು ಇದು ಸೊಗಸಾಗಿದೆ. ಅಲೆಮಾರಿ ಬಾಳನ್ನು ಬಿಟ್ಟು ನೆಲೆನಿಂತ ಮಾನವನ ಕಥೆಯೇ ಇದರಲ್ಲಿ ಅಡಗಿರುವಂತೆ ತೋರುತ್ತದೆ. ದುರ್ದೈವದಿಂದ ಇದು ನಿಲ್ಲುವುದಿಲ್ಲ. ಇದನ್ನು ಕೆಡವುವುದು ಇಂದು ಕನ್ನಡ ಬರಹದಿಂದ ಮರೆಯಾಗಿರುವ ಒಂದೇ ಒಂದು ಅಕ್ಷರ, ಶಕಟರೇಫವೆಂದು ಹೆಸರಾದ ‘ಱ’.

ಹಳಗನ್ನಡದಲ್ಲಿ ಎರಡು ರೇಫೆಗಳಿದ್ದವು. ಸಾಮಾನ್ಯ ರೇಫೆ ‘ರ’ ಒಂದು, ಒತ್ತಿ ನುಡಿಯುತ್ತಿದ್ದ ‘ಱ’ ಇನ್ನೊಂದು. ಸಂಸ್ಕೃತದಲ್ಲಿ ಇಲ್ಲದ ಈ ಎರಡನೆಯದನ್ನು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ದೇಶೀಯಾಕ್ಷರಗಳ ಸಾಲಿನಲ್ಲಿ ಸೇರಿಸಿದನು. ಕಾಲಕ್ರಮದಲ್ಲಿ ಉಚ್ಚಾರಣೆಯಲ್ಲಿ ಎರಡೂ ಬೆರೆತುಹೋದವು. ಬಳಿಕ ಬರಹವೂ ಉಚ್ಚಾರಣೆಯನ್ನು ಹಿಂಬಾಲಿಸಿತು. ಹಳೆಯ ಬರಹದಲ್ಲಿ ಗ್ರಾಮವಾಚಕವಾದ ಮಾತು ಸಾಮಾನ್ಯ ರೇಫೆಯ ‘ಊರ್’. ನೆಡು, ನಾಟು ಎಂಬ ಅರ್ಥದ ಕ್ರಿಯೆಯಾದರೋ ‘ಊಱು’. ಊರುಗೋಲು ಹಿಂದೆ ‘ಊಱುಗೋಲ್’ ಆಗಿತ್ತು. ತಮಿಳನ್ನು ಕೇಳಿದರೆ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಗ್ರಾಮವು ‘ಊರ್’, ನೆಡುವ ಕ್ರಿಯೆಯು ‘ಊನ್ಱು’. ತಮಿಳಿನ ‘ಮೂನ್ಱು’ ಕನ್ನಡದಲ್ಲಿ ‘ಮೂಱು’ ಆಗಿರುವಂತೆ, ಅಲ್ಲಿನ ‘ಕನ್ಱು’ ಇಲ್ಲಿ ‘ಕಱು’ ಆಗಿರುವಂತೆ, ‘ಊನ್ಱು’ ಎಂಬುದು ‘ಊಱು’ ಆಗಿದೆ. ಹೀಗೆ ಎರಡು ಭಾಷೆಗಳಲ್ಲಿಯೂ ಬೇರೆ ಬೇರೆಯಾಗಿ ಉಳಿದುಬಂದ ಎರಡು ಮಾತುಗಳನ್ನು ಒಂದೇ ತಾಯಿಯ ಮಕ್ಕಳೆನ್ನುವುದು ಸಲ್ಲದು.

ಇಷ್ಟಕ್ಕೇ ಮುಗಿಯದು. ಜಿನುಗು, ಒಸರು ಎಂಬ ಅರ್ಥದ ‘ಊಱು’ ಎಂಬ ಮತ್ತೊಂದು ಕ್ರಿಯೆಯೂ ಇದೆ. ಬಾಯಲ್ಲಿ ನೀರೂರುವುದು ಇದರಿಂದಲೇ; ಬಾವಿಯ ಊಟೆಯೂ ಇದರ ಮಗುವೇ. ತಮಿಳರ ‘ಊಱುಕಾಯ್’, ತೆಲುಗರ ‘ಊರಗಾಯ’ ಎಂಬ ಉಪ್ಪಿನಕಾಯಿಯ ಹೆಸರುಗಳು ಇದೇ ಕುಲದವು. ಆ ಹೆಸರಿನಲ್ಲಿ ‘ಊರಿನ ಕಾಯಿ’ಯನ್ನು ಹುಡುಕುವುದು ವ್ಯರ್ಥ. ‘ಇನ್ನೂರು’, ‘ಮುನ್ನೂರು’ಗಳ ಕೊನೆಯಲ್ಲಿ ಕೇಳಿಸುವ ‘ಊರು’ ಕೂಡ ‘ನೂಱು’ ಎಂಬ ಸಂಖ್ಯೆಯ ಬಾಲವೇ ಹೊರತು ಗ್ರಾಮವಲ್ಲ. ಇವೆಲ್ಲದರ ಜೊತೆಗೆ ಸಂಸ್ಕೃತದ ‘ಊರು’ ಎಂದರೆ ತೊಡೆ. ರನ್ನನ ‘ಗದಾಯುದ್ಧ’ವನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಯು ‘ಊರುಭಂಗ’ವೆಂಬುದನ್ನು ಊರಿನ ನಾಶವೆಂದು ತಿಳಿದರೆ, ದುರ್ಯೋಧನನ ತೊಡೆ ಉಳಿದು ಹಸ್ತಿನಾಪುರವೇ ಹೋದಂತಾಗುತ್ತದೆ! ಹ್ರಸ್ವದ ‘ಉರು’ ಎಂದರೆ ಸಂಸ್ಕೃತದಲ್ಲಿ ವಿಶಾಲವಾದುದು. ಭೂಮಿಗೆ ‘ಉರ್ವೀ’ ಎಂಬ ಹೆಸರು ಅದರಿಂದ ಬಂದಿದೆ.

ಕೆರೂರು ಎಂಬ ಸಾಮಾನ್ಯ ಗ್ರಾಮನಾಮವೊಂದನ್ನೇ ತೆಗೆದುಕೊಂಡರೂ ಈ ಅಕ್ಷರಭೇದದ ಬೆಲೆ ತಿಳಿಯುತ್ತದೆ. ಹಳೆಯ ಬರಹದಲ್ಲಿ ‘ಕೆಱೆ’ಯ ರೇಫೆ ಶಕಟರೇಫೆ, ‘ಊರ್’ ಎಂಬುದರ ರೇಫೆ ಸಾಮಾನ್ಯ ರೇಫೆ. ಒಂದೇ ಹೆಸರಿನಲ್ಲಿ ಎರಡೂ ಅಕ್ಕಪಕ್ಕ ಕುಳಿತಿವೆ. ಇಂದಿನ ಮುದ್ರಣದಲ್ಲಿ ಅವೆರಡೂ ಒಂದೇ ಮುಖ ತೊಟ್ಟಿವೆ. ಹಳಗನ್ನಡ ಕಾವ್ಯಗಳನ್ನೂ, ರೇಫೆಗಳು ಬೆರೆತ ಮೇಲೆ ಪ್ರತಿಯಾದ ವಚನದ ಓಲೆಗರಿಗಳನ್ನೂ ಓದುವವರು ಈ ಎಚ್ಚರವನ್ನು ಬಿಟ್ಟರೆ ಅರ್ಥವೇ ದಾರಿ ತಪ್ಪೀತು. ಕಿಟ್ಟೆಲರು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಎರಡು ರೇಫೆಗಳನ್ನೂ ಬೇರೆಬೇರೆಯಾಗಿಯೇ ಗುರುತಿಸಿದ್ದು ಇದೇ ಕಾರಣದಿಂದ ದೊಡ್ಡ ಉಪಕಾರ.

ಒಂದೇ ಭಾಷೆಯೊಳಗೆ, ಒಂದೇ ಲಿಪಿಯಲ್ಲಿ, ಒಂದೇ ರೀತಿ ಕೇಳಿಸುವ ಮಾತುಗಳು ಇಷ್ಟು ಬೇರೆಬೇರೆ ಮೂಲದವಾಗಿರುವಾಗ, ಸಮುದ್ರದಾಚೆಯ ಭಾಷೆಯೊಂದರ ಮಾತು ಇದನ್ನು ಹೋಲುತ್ತದೆಂಬ ಮಾತ್ರಕ್ಕೆ ಅದನ್ನು ಬಂಧುವೆಂದು ಬರಮಾಡಿಕೊಳ್ಳುವುದು ಎಷ್ಟು ಅಪಾಯಕರವೆಂಬುದು ಈಗ ಸ್ಪಷ್ಟ. ಕಾಲ್ಡ್‌ವೆಲ್ಲರು ೧೮೫೬ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಶಬ್ದಗಳಿಗೆ ಸೆಮಿಟಿಕ್ ಭಾಷೆಗಳಲ್ಲಿಯೂ, ಅವರು ಸಿಥಿಯನ್ ಎಂದು ಕರೆದ ಭಾಷಾವರ್ಗದಲ್ಲಿಯೂ ಹೋಲಿಕೆಗಳನ್ನು ಹುಡುಕಿ ಪಟ್ಟಿ ಮಾಡಿದರು. ಆ ಕಾಲಕ್ಕೆ ಅದು ಹೊಸ ಹಾದಿ. ಹೋಲಿಕೆಗಳನ್ನು ಒಟ್ಟುಮಾಡಿದ್ದು ತಪ್ಪಲ್ಲ. ಅವನ್ನೇ ಸಿದ್ಧಾಂತವೆಂದು ಹಿಂದಿನವರಿಗಿಂತ ಗಟ್ಟಿಯಾಗಿ ಸಾರಿದ್ದು ಮುಂದಿನವರ ತಪ್ಪು.

ಉರ್ ನಗರದ ವಿಷಯವನ್ನು ನೋಡಬಹುದು. ಟೆಲ್ ಅಲ್ ಮುಕಯ್ಯರ್ ಎಂಬ ದಿಬ್ಬವನ್ನು ಜೆ. ಇ. ಟೇಲರ್ ೧೮೫೩-೫೪ರಲ್ಲಿ ಅಗೆಸಿದಾಗ ಬಾಬಿಲೋನಿನ ಅರಸ ನಬೊನಿಡಸನ ಮಣ್ಣಿನ ಶಾಸನಗಳು ದೊರೆತವು. ಆ ಸ್ಥಳವೇ ಉರ್ ಎಂಬುದು ಅವುಗಳಿಂದ ತಿಳಿದುಬಂದಿತು. ೧೯೨೨ರಿಂದ ೧೯೩೪ರವರೆಗೆ ಲೆನಾರ್ಡ್ ವೂಲಿ ಅಲ್ಲಿ ನಡೆಸಿದ ಉತ್ಖನನ ಲೋಕಪ್ರಸಿದ್ಧವಾಗಿದೆ. ಆದರೆ ಸುಮೇರಿಯನ್ನರು ಆ ನಗರವನ್ನು ‘ಉರಿಮ್’ ಎಂದು ಕರೆಯುತ್ತಿದ್ದರು. ‘ಉರ್’ ಎಂಬುದು ಮೊಟಕಾದ ರೂಪ. ಆ ಹೆಸರನ್ನು ಬರೆಯಲು ಅವರು ಬಳಸಿದ ಚಿಹ್ನೆಗಳಲ್ಲಿ ಪಟ್ಟಣವಾಚಕವಾದ ‘ಉರು’ ಚಿಹ್ನೆ ಇಲ್ಲವೇ ಇಲ್ಲ. ಅಂದರೆ ‘ಉರ್ ಎಂದರೆ ಊರು’ ಎಂಬ ಮಾತು ಸುಮೇರಿಯನ್ ಭಾಷೆಯ ಮಟ್ಟಿಗೂ ನಿಜವಲ್ಲ. ಕ್ರಿಸ್ತಪೂರ್ವ ೨೧೦೦ರ ಸುಮಾರಿಗೆ ಅಲ್ಲಿ ಆಳಿದ ಅರಸ ಉರ್-ನಮ್ಮು ಎಂಬವನ ಹೆಸರಿನಲ್ಲಿರುವ ‘ಉರ್’ ಇನ್ನೊಂದೇ ಶಬ್ದ. ಅದರ ಮೂಲಾರ್ಥ ನಾಯಿ. ದೇವತೆಯ ಹೆಸರಿನೊಡನೆ ಬಂದಾಗ ಆ ದೇವತೆಯ ಸೇವಕ, ಆಳು ಎಂದು ಅರ್ಥ. ದೇವರ ಮುಂದೆ ತನ್ನನ್ನು ನಾಯಿಯೆಂದು ಕರೆದುಕೊಳ್ಳುವ ದೈನ್ಯವು ಭಕ್ತಿಸಾಹಿತ್ಯದ ಓದುಗರಿಗೆ ಹೊಸದೇನಲ್ಲ. ಶಬ್ದಗಳ ನಂಟಿಲ್ಲದ ಕಡೆಯೂ ಭಾವದ ಹೋಲಿಕೆ ಹೀಗೆ ಕಾಣಿಸಿಕೊಳ್ಳುತ್ತದೆ.

ಪಟ್ಟಣವೆಂಬ ಅರ್ಥದ ‘ಉರು’ ಅಥವಾ ‘ಇರಿ’ ಎಂಬ ಮಾತು ಸುಮೇರಿಯನ್ ಭಾಷೆಯಲ್ಲಿ ಇದ್ದುದಂತೂ ನಿಜ. ಅದರ ಹೋಲಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಏಕೆಂದರೆ ಆ ನಾಡಿಗೂ ಸಿಂಧೂ ಕಣಿವೆಗೂ ವ್ಯಾಪಾರ ಸಂಪರ್ಕವಿತ್ತು. ಉರ್ ನಗರದಲ್ಲಿ ದೊರೆತ ಭಾರತೀಯ ಶೈಲಿಯ ಮುದ್ರೆಗಳನ್ನು ಸಿ. ಜೆ. ಗ್ಯಾಡ್ ೧೯೩೨ರಲ್ಲಿಯೇ ಪ್ರಕಟಿಸಿದರು. ಆದರೆ ಸಂಪರ್ಕ ಬೇರೆ, ಭಾಷಾಬಾಂಧವ್ಯ ಬೇರೆ. ಸಿಂಧೂ ಲಿಪಿ ಇನ್ನೂ ಸರ್ವಸಮ್ಮತವಾಗಿ ಓದಲ್ಪಟ್ಟಿಲ್ಲ. ಸುಮೇರಿಯನ್ ಭಾಷೆಗೆ ಲೋಕದ ಯಾವ ಭಾಷೆಯೊಡನೆಯೂ ಸಂಬಂಧ ಸಿದ್ಧವಾಗಿಲ್ಲ. ಆಡುಮಾತಾಗಿ ಅದು ಅಳಿದದ್ದು ಕ್ರಿಸ್ತಪೂರ್ವ ಎರಡು ಸಾವಿರದ ಸುಮಾರಿಗೆ. ದ್ರಾವಿಡ ‘ಊರ್’ ಶಬ್ದವು ಕಲ್ಲಿನ ಮೇಲೆ ಓದಲು ಸಿಗುವುದು ಅದಕ್ಕೆ ಎರಡು ಸಾವಿರ ವರ್ಷಗಳ ತರುವಾಯ. ಅಷ್ಟು ದೊಡ್ಡ ಅಂತರವನ್ನು ದಾಟಲು ಎರಡು ಧ್ವನಿಗಳ ಒಂದು ಮಾತು ಸೇತುವೆಯಾಗಲಾರದು. ಒಂದೊಂದು ಧ್ವನಿಯೂ ನಿಯಮಬದ್ಧವಾಗಿ ಹೊಂದುವ ಇಪ್ಪತ್ತು ಮೂವತ್ತು ಶಬ್ದಗಳಾದರೂ ಬೇಕು. ಅವು ದೊರೆತಿಲ್ಲ.

ಹೀಬ್ರೂ ಭಾಷೆಯ ‘ಈರ್’ ಶಬ್ದದ ಕಥೆಯೂ ಇಷ್ಟೇ. ಅದು ‘ಅಯಿನ್’ ಎಂಬ ಕಂಠ್ಯ ವ್ಯಂಜನದಿಂದ ಆರಂಭವಾಗುತ್ತದೆ. ಬೈಬಲ್ಲಿನಲ್ಲಿ ಅಬ್ರಹಾಮನ ತವರೆಂದು ಹೇಳಿರುವ ‘ಉರ್ ಕಸ್ದೀಮ್’ನ ಉರ್ ಆರಂಭವಾಗುವುದು ‘ಆಲೆಫ್’ ಎಂಬ ಬೇರೆ ಅಕ್ಷರದಿಂದ. ಹೀಗೆ ಹೀಬ್ರೂ ಬಲ್ಲವನಿಗೆ ಇವೆರಡೂ ಒಂದೇ ಎಂದು ತೋರುವುದಿಲ್ಲ. ಅವನಿಗೆ ಆ ‘ಉರ್’ ಎಂದರೆ ಜ್ವಾಲೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅಬ್ರಹಾಮನು ಕಲ್ದೀಯರ ಬೆಂಕಿಯಿಂದ ಪಾರಾಗಿ ಬಂದನೆಂಬ ಯೆಹೂದಿ ಪುರಾಣಕಥೆ ಹುಟ್ಟಿದ್ದು ಈ ಶ್ಲೇಷೆಯ ಬಲದಿಂದ. ಇನ್ನು ಜೆರೂಸಲೇಮ್. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಅಮರ್ನಾ ಪತ್ರಗಳಲ್ಲಿ ಅದರ ಹೆಸರು ‘ಉರುಸಲಿಮ್’ ಎಂದಿದೆ. ‘ಸಲಿಮನ ಊರು’ ಎಂದು ಕನ್ನಡಿಗನ ನಾಲಗೆ ತಟ್ಟನೆ ಬಿಡಿಸಿಬಿಡುತ್ತದೆ. ಆದರೆ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ನಿರ್ವಚನದಂತೆ ಅದರ ಪೂರ್ವಪದಕ್ಕೆ ಅಡಿಪಾಯ ಹಾಕುವುದು ಎಂದು ಅರ್ಥ. ಶಾಲಿಮ್ ದೇವತೆಯ ಪ್ರತಿಷ್ಠೆಯ ಸ್ಥಳವೆಂಬುದು ಇಡಿಯ ಹೆಸರಿನ ತಾತ್ಪರ್ಯ.

ಉಳಿದವುಗಳನ್ನು ಬೇಗನೆ ಹೇಳಿ ಮುಗಿಸಬಹುದು. ಲ್ಯಾಟಿನಿನ ‘ಉರ್ಬ್ಸ್’ ಎಂದರೆ ನಗರ. ಅದರ ಮೂಲ ಇತ್ಯರ್ಥವಾಗಿಲ್ಲವಾದರೂ ಶಬ್ದದ ಅಂಗವೇ ಆಗಿರುವ ಬಕಾರವನ್ನು ಕಿತ್ತೊಗೆಯದೆ ಅದನ್ನು ಊರಿಗೆ ತರಲಾಗದು. ಸ್ಪೇನ್ ಫ್ರಾನ್ಸ್ ಗಡಿಯ ಬಾಸ್ಕ್ ಜನರಲ್ಲಿ ಪಟ್ಟಣವು ‘ಹಿರಿ’, ಅವರ ಪಶ್ಚಿಮದ ಆಡುನುಡಿಯಲ್ಲಿ ‘ಉರಿ’. ಅವರ ‘ಉರ್’ ಎಂದರೆ ನೀರು. ಜರ್ಮನಿಯಲ್ಲಿ ‘ಊರ್’ ಎಂಬುದು ಆದಿಮ, ಮೂಲ ಎಂಬ ಅರ್ಥದ ಉಪಸರ್ಗ. ಹಂಗೇರಿಯಲ್ಲಿ ‘ಊರ್’ ಎಂದರೆ ಯಜಮಾನ, ತುರ್ಕಿಯಲ್ಲಿ ‘ಉರ್’ ಎಂದರೆ ಗಂತಿ, ಸ್ವೀಡನ್ನಿನಲ್ಲಿ ‘ಊರ್’ ಎಂದರೆ ಗಡಿಯಾರ. ಗಂತಿಯನ್ನೂ ಗಡಿಯಾರವನ್ನೂ ಊರಿನ ನಂಟರೆಂದು ಯಾರೂ ಹೇಳಲಿಲ್ಲ. ಅರ್ಥ ದೂರವಾಗಿದೆಯೆಂದು ಬಿಟ್ಟರು. ಧ್ವನಿಯೊಂದೇ ಪ್ರಮಾಣವಾದರೆ ಇವನ್ನೂ ಒಪ್ಪಬೇಕಾಗುತ್ತದೆ. ಒಪ್ಪದಿದ್ದರೆ ಧ್ವನಿ ಪ್ರಮಾಣವಲ್ಲವೆಂದಾಯಿತು.

ಶಬ್ದದ ನಿಜವಾದ ಪ್ರಾಚೀನತೆಗೆ ಆಧಾರ ಮನೆಯ ಹತ್ತಿರವೇ ಇದೆ, ಅದು ಸಾಕಷ್ಟು ಘನವಾಗಿಯೂ ಇದೆ. ತಮಿಳುನಾಡಿನ ಕರೂರಿನ ಸಮೀಪದ ಪುಗಳೂರಿನ ಗುಹೆಗಳಲ್ಲಿ, ಕ್ರಿಸ್ತಶಕದ ಮೊದಲ ಶತಮಾನಗಳ ಬ್ರಾಹ್ಮೀ ಲಿಪಿಯ ತಮಿಳು ಬರಹದಲ್ಲಿ, ಕರೂರಿನ ಚಿನ್ನದ ವ್ಯಾಪಾರಿಯೊಬ್ಬನ ಉಲ್ಲೇಖವಿದೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ಚೇರ ಅರಸನ ರಾಜಧಾನಿಯನ್ನು ‘ಕರೌರ’ ಎಂದು ಬರೆದನು. ಒಂದೇ ಊರು, ಒಂದೇ ಯುಗದ ಆಸುಪಾಸಿನಲ್ಲಿ, ಒಳಗಿನವರ ಲಿಪಿಯಲ್ಲಿಯೂ ಹೊರಗಿನವರ ಲಿಪಿಯಲ್ಲಿಯೂ ದಾಖಲಾಗಿರುವುದು ಅಪರೂಪ. ಈ ‘ಊರ್’ಗೆ ಯಾವ ಊಹೆಯ ಆಸರೆಯೂ ಬೇಕಿಲ್ಲ.

ಚೋಳರ ಶಾಸನಗಳಿಗೆ ಬಂದರೆ ‘ಊರ್’ ಎಂಬುದು ಒಂದು ಆಡಳಿತ ಸಂಸ್ಥೆಯ ಹೆಸರೇ ಆಗಿದೆ. ಬ್ರಹ್ಮದೇಯಗಳಲ್ಲಿ ‘ಸಭೆ’, ವರ್ತಕರ ನೆಲೆಗಳಲ್ಲಿ ‘ನಗರಂ’, ಒಕ್ಕಲಿಗರ ಗ್ರಾಮಗಳಲ್ಲಿ ‘ಊರ್’. ‘ಊರೋಮ್’ ಎಂದರೆ ಊರಾದ ನಾವು ಎಂದು ಗ್ರಾಮವೇ ಉತ್ತಮಪುರುಷದಲ್ಲಿ ಮಾತನಾಡಿ ಭೂಮಿಯನ್ನು ಮಾರಿದ, ದಾನ ಕೊಟ್ಟ ದಾಖಲೆಗಳಿವೆ. ಕುಡವೋಲೆ ಪದ್ಧತಿಯ ಶಾಸನಗಳಿಂದ ಹೆಸರಾದ ಉತ್ತರಮೇರೂರಿನ ಹೆಸರಿನಲ್ಲಿ ‘ಊರು’ ಕೇಳಿಸಿದರೂ, ಬ್ರಹ್ಮದೇಯವಾದುದರಿಂದ ಅಲ್ಲಿ ಆಳಿದ್ದು ಸಭೆ. ಕನ್ನಡ ಶಾಸನಗಳಲ್ಲಿ ‘ಊರೊಡೆಯ’, ‘ಊರ ಗಾವುಂಡ’ ಎಂಬ ಮಾತುಗಳು ಸಾಮಾನ್ಯ. ವೀರಗಲ್ಲುಗಳಲ್ಲಿ ಬರುವ ‘ಊರಳಿವು’ ಎಂಬ ಮಾತಾದರೋ ಮನಸ್ಸನ್ನು ಕಲಕುತ್ತದೆ. ಶತ್ರುಗಳು ಊರನ್ನು ಸೂರೆಗೊಳ್ಳುವಾಗ ಕಾದಿ ಮಡಿದ ಎಷ್ಟೋ ಜನರ ಬಾಳಿನ ಕಥೆಯಾಗಿ ಉಳಿದಿರುವುದು ಆ ಒಂದು ಮಾತು ಮಾತ್ರ.

ಊರೆಂಬ ಬಾಲ ಎಲ್ಲಿಯವರೆಗೆ ಹಬ್ಬಿದೆಯೆಂಬುದು ಕನ್ನಡದ ಚರಿತ್ರೆಗೆ ಮುಖ್ಯವಾದ ಪ್ರಶ್ನೆ. ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಸ್ಥಳನಾಮಗಳನ್ನೇ ಸಾಕ್ಷಿಗಳನ್ನಾಗಿ ಮಾಡಿ ಕನ್ನಡದ ಹಳೆಯ ಮೇರೆಗಳನ್ನು ಅರಸಿದರು. ರಾಷ್ಟ್ರಕೂಟರು ತಮ್ಮನ್ನು ‘ಲಟ್ಟಲೂರ ಪುರವರಾಧೀಶ್ವರ’ರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದು ಮಹಾರಾಷ್ಟ್ರದ ಜಿಲ್ಲಾಕೇಂದ್ರವಾದ ಲಾತೂರು. ಅಲ್ಲಿ ಇಂದು ಮರಾಠಿಯೇ ಆಡುಮಾತಾದರೂ ಹೆಸರಿನ ತುದಿ ತನ್ನ ಹುಟ್ಟನ್ನು ಮರೆತಿಲ್ಲ. ಬಿರುದಿನಲ್ಲಿ ‘ಊರ’ ಎಂಬುದರ ಬೆನ್ನಿಗೇ ‘ಪುರ’ವೂ ಬಂದಿರುವುದು ಸ್ವಾರಸ್ಯಕರ, ಸಂಸ್ಕೃತದ ಪದ್ಧತಿಯಂತೆ ಬಿರುದು ಕಟ್ಟಿದವರಿಗೆ ಹೆಸರಿನೊಳಗೆ ಆಗಲೇ ಒಂದು ಪುರವಿದೆಯೆಂಬುದು ಅಡ್ಡಿಯಾಗಲಿಲ್ಲ. ಇಂಗ್ಲಿಷರ ಬಾಯಲ್ಲಿ ಇದೇ ತುದಿ ‘ಓರ್’ ಆಯಿತು. ಮೈಸೂರು ‘ಮೈಸೋರ್’ ಆಯಿತು. ನೆಲ್ಲೂರು, ವೇಲೂರುಗಳಿಗೂ ಅದೇ ಗತಿಯಾಯಿತು. ಆದರೆ ಇಂದೋರಿನ ಓರ್, ಸಿಂಗಪೋರಿನ ಓರ್ ಈ ಕುಲದವಲ್ಲ; ಅವುಗಳಲ್ಲಿರುವುದು ಪುರ. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳನ್ನು ಇಂಗ್ಲಿಷ್ ಬರಹದಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದಿಸಿದಾಗ ಬೆಂಗಳೂರು, ಮೈಸೂರು, ಮಂಗಳೂರು, ಚಿಕ್ಕಮಗಳೂರುಗಳಿಗೆ ಅವುಗಳ ಊರು ಮರಳಿ ದೊರೆಯಿತು.

ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿಕ್ಕಿ ಹಸಿವು ಹಿಂಗಿಸಿದಳೆಂದೂ, ಅದರಿಂದ ‘ಬೆಂದಕಾಳೂರು’ ಬೆಂಗಳೂರಾಯಿತೆಂದೂ ಹೇಳುವ ಕಥೆ ಎಲ್ಲರಿಗೂ ಗೊತ್ತು. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು ೧೧೭೩ರಲ್ಲಿ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ದೇವಾಲಯದಲ್ಲಿ ಗಂಗರ ಕಾಲದ, ಸುಮಾರು ೮೯೦ರ ಶಾಸನವೊಂದಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖ ಬಂದಿದೆ. ಮುದುಕಿ ಕಾಳು ಬೇಯಿಸುವುದಕ್ಕೆ ಇನ್ನೂರೆಂಬತ್ತು ವರ್ಷಗಳ ಮೊದಲೇ ಆ ಊರಿಗೆ ಆ ಹೆಸರಿತ್ತು. ಪೂರ್ವಪದವು ಬೆಂಗ ಎಂಬ ಮರದಿಂದ ಬಂದುದೆಂದು ಕೆಲವರೂ, ಬೆಂಗಾವಲಿನಿಂದ ಬಂದುದೆಂದು ಕೆಲವರೂ ವಾದಿಸುತ್ತಾರೆ. ಉತ್ತರಪದವಾದ ‘ಊರ್’ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ.